ಬಟ್ಟೆ ಮುಚ್ಚಿದ ಬೋಗುಣಿ

ಮೊನ್ನೆ ನನ್ನ ತಮ್ಮನ ಮೊಮ್ಮಗಳು ಅಶ್ವಿನಿಗೆ ಆಪರೇಷನ್ ಆಯಿತು. ಅಂಡಾಶಯದಲ್ಲಿ ಗೆಡ್ಡೆ. ಈಗ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯುವುದಿಲ್ಲವಂತೆ. ಹೊಕ್ಕುಳ ಹತ್ತಿರ ಸಣ್ಣ ತೂತು ಮಾಡಿ, ಗಾಳಿ ತುಂಬಿ ಉಬ್ಬಿಸಿ, ಕ್ಯಾಮೆರಾ ಇಳಿಸಿ, ಪರದೆಯ ಮೇಲೆ ನೋಡಿಕೊಂಡೇ ಕೆಲಸ ಮುಗಿಸುತ್ತಾರೆ. ಲ್ಯಾಪರೋಸ್ಕೋಪಿ ಎಂದು ಕೇಳಿದ ಕೂಡಲೇ ಅವಳ ಅಮ್ಮನ ಮುಖ ಅರಳಿತು. ಆದರೆ ಡಾಕ್ಟರು ಅಷ್ಟಕ್ಕೆ ಬಿಡಲಿಲ್ಲ. "ತೂತು ಸಣ್ಣದು ಅಂತ ಅಪಾಯವೂ ಸಣ್ಣದು ಅಂದ್ಕೋಬೇಡಿ. ಒಳಗೆ ಹೋಗುವಾಗ ಕರುಳಿಗೆ ತಗಲಬಹುದು, ರಕ್ತನಾಳಕ್ಕೆ ತಗಲಬಹುದು. ಹಾಗಾದರೆ ಹೊಟ್ಟೆ ತೆರೆಯಲೇಬೇಕಾಗುತ್ತೆ. ಕರುಳಿಗೆ ಆದ ಗಾಯ ಕೆಲವು ಸಲ ಅವತ್ತು ಕಾಣೋದೇ ಇಲ್ಲ. ಮನೆಗೆ ಹೋದಮೇಲೆ ನೋವು ಇಳಿಯುವ ಬದಲು ಏರಿದರೆ, ಜ್ವರ ಬಂದರೆ, ಹೊಟ್ಟೆ ಉಬ್ಬಿದರೆ, ಬೆಳಗಾಗಲಿ ಅಂತ ಕಾಯಬೇಡಿ" ಎಂದರು. ಅರಳಿದ ಮುಖ ಬಾಡಿತು. ನನಗೆ ಮಾತ್ರ ಆ ಹುಡುಗ ಡಾಕ್ಟರ ಮೇಲೆ ವಿಶ್ವಾಸ ಬಂತು.

ಎಲ್ಲ ಸುಸೂತ್ರವಾಗಿ ಮುಗಿಯಿತು. ಆಮೇಲೆ ಡಾಕ್ಟರು ಹೊರಗೆ ಬಂದು ಒಂದು ಪ್ಲಾಸ್ಟಿಕ್ ಬಾಟಲಿಯನ್ನು ನಮ್ಮ ಮುಂದೆ ಹಿಡಿದರು. "ನೋಡಿ, ತೆಗೆದದ್ದು ಇದೇ. ಪರೀಕ್ಷೆಗೆ ಕಳಿಸ್ತೀವಿ." ಒಳಗೆ ನಿಂಬೆಹಣ್ಣಿನ ಗಾತ್ರದ್ದು ಏನೋ ತೇಲುತ್ತಿತ್ತು. ಎಲ್ಲರೂ ಮುಖ ತಿರುಗಿಸಿದರು. ನಾನು ಕೈಯೊಡ್ಡಿ ಇಸಕೊಂಡೆ, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ.

"ಅಜ್ಜಿಗೆ ಧೈರ್ಯ ಜಾಸ್ತಿ" ಎಂದು ಡಾಕ್ಟರು ನಕ್ಕರು.

ಧೈರ್ಯವಲ್ಲ. ಮುಚ್ಚಳ ಸರಿಯಾಗಿ ಬಿಗಿದಿರಲಿಲ್ಲ. ಔಷಧಿಯ ಕಟುವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ, ಅಲ್ಲಿ ಇರಲು ಸಾಧ್ಯವೇ ಇಲ್ಲದ ಸಾಂಬ್ರಾಣಿ ಮತ್ತು ಹುರಿದ ಬೆಳ್ಳುಳ್ಳಿಯ ವಾಸನೆ ಬಂತು. ಮಧುಗಿರಿಯ ಒಂದು ಬೇಸಿಗೆ ಎದುರು ಬಂದು ನಿಂತಿತು.

ನಾನು ಪ್ರಾಯದಿಂದಲೂ ದಿನಚರಿ ಬರೆಯುವವಳು. ಆದರೆ ಆ ಬೇಸಿಗೆಯ ಪುಟಗಳಲ್ಲಿ ಹವೆ ಮತ್ತು ಶಾಲೆ ಬಿಟ್ಟರೆ ಏನೂ ಇಲ್ಲ. "ಸೆಕೆ. ಪರೀಕ್ಷೆ ನಡೆಯಿತು." ಇಷ್ಟೇ. ಆದ್ದರಿಂದ ಇಲ್ಲಿ ಬರೆಯುವುದೆಲ್ಲ ನೆನಪು, ಮತ್ತು ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನನ್ನ ತಲೆಯಲ್ಲಿರುವ ಆ ಬೇಸಿಗೆಯಲ್ಲಿ ಒಂದು ಹನಿ ಮಳೆಯಿಲ್ಲ. ದಿನಚರಿಯಲ್ಲಿ ಮಾತ್ರ ಗುಡುಗು ಮಳೆ ಬಂದು ಶಾಲೆಯ ಹೆಂಚು ಹಾರಿಹೋದದ್ದು ನನ್ನ ಕೈಬರಹದಲ್ಲೇ ಇದೆ. ಹೆಂಚು ಹಾರಿದ್ದನ್ನೇ ಮರೆತವಳು ಮಿಕ್ಕಿದ್ದನ್ನು ಎಷ್ಟು ಸರಿಯಾಗಿ ನೆನಪಿಟ್ಟುಕೊಂಡಿರಬಲ್ಲೆ?

ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮುಂಚಿನ ಮಾತು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಮಧುಗಿರಿಯ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಬಂದಿದ್ದೆ. ಬೆಟ್ಟದ ಬುಡದ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಹಗಲೆಲ್ಲ ಬಿಸಿಲು ಕುಡಿದ ಆ ಬಂಡೆ ಸಂಜೆಯಾದ ಮೇಲೆ ಅದನ್ನು ನಮ್ಮ ಮೇಲೆ ಉಗುಳುತ್ತಿತ್ತು. ಗೋಡೆ ಮುಟ್ಟಿದರೆ ಜ್ವರ ಬಂದವರ ಮೈ ಮುಟ್ಟಿದ ಹಾಗೆ.

ನನ್ನ ಅಕ್ಕ ಗಿರಿಜೆಯನ್ನು ಪಾವಗಡಕ್ಕೆ ಕೊಟ್ಟಿತ್ತು. ಭಾವನದು ಜವಳಿ ವ್ಯಾಪಾರ. ಮನೆಯ ಯಜಮಾನಿಕೆಯೆಲ್ಲ ಭಾವನ ತಾಯಿಯದು. ನಾವೆಲ್ಲ ಅವರನ್ನು ಅತ್ತಮ್ಮ ಎನ್ನುತ್ತಿದ್ದೆವು. ಹಣೆತುಂಬ ವಿಭೂತಿ, ಬಾಯಿತುಂಬ ಮಾತು, ಅರ್ಧ ಕನ್ನಡ ಅರ್ಧ ತೆಲುಗು. ಅವರ ಬೀದಿಯಲ್ಲಿ ಯಾವ ಮನೆಯಲ್ಲಿ ಹೆರಿಗೆಯಾದರೂ ಬಾಣಂತನಕ್ಕೆ ಅವರೇ ಬೇಕು. ಬಾಣಂತಿಯ ಹೊಟ್ಟೆಗೆ ಬಟ್ಟೆ ಬಿಗಿಯುವುದರಲ್ಲಿ ಅವರ ಕೈ ಹೆಸರಾದದ್ದು. "ಹೊಟ್ಟೆ ಸಡ್ಲ ಬಿಟ್ರೆ ಗಾಳಿ ಹೊಕ್ಕಂಬುಡ್ತದೆ, ಆಮ್ಯಾಕೆ ಜೀವ್ಮಾನ ಪೂರ್ತಿ ನರಳ್ಬೇಕು" ಎನ್ನುತ್ತಿದ್ದರು. ಊರಿನ ಸೊಸೆಯಂದಿರಿಗೆಲ್ಲ ಕಟ್ಟಿದ ಕೈಗೆ ಸ್ವಂತ ಸೊಸೆಯ ಬಾಣಂತನ ಸಿಕ್ಕಿರಲಿಲ್ಲ. ಅಕ್ಕನಿಗೆ ಬಹಳ ವರ್ಷ ಮಕ್ಕಳಾಗಿರಲಿಲ್ಲ.

ಹಾಗಿರುವಾಗ ಅಕ್ಕನ ಹೊಟ್ಟೆ ಬೆಳೆಯಿತು. ಮುಟ್ಟು ಏರುಪೇರಾಗಿತ್ತು, ಊಟ ಸೇರುತ್ತಿರಲಿಲ್ಲ. ಬಸಿರೆಂಬುದರಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಹಸಿರು ಬಳೆ ತೊಡಿಸಿ ಮಡಿಲು ತುಂಬಿದರು. ಅತ್ತಮ್ಮ ನಾಗಲಮಡಿಕೆಯ ದೇವರಿಗೆ ಹರಕೆ ಕಟ್ಟಿಕೊಂಡರು. ತಿಂಗಳು ತುಂಬಿತು, ಕಳೆಯಿತು, ಮತ್ತೆ ತಿಂಗಳುಗಳು ಹೋದವು. ಹೊಟ್ಟೆ ಬೆಳೆಯುತ್ತಲೇ ಇತ್ತು. ಬಾವಿಕಟ್ಟೆಯಲ್ಲಿ ಯಾರೋ, "ಏನ್ ಗಿರಿಜಮ್ಮ, ಆನೆಮರಿ ಹೊತ್ತಿದ್ದೀಯೋ ಹೆಂಗೆ?" ಎಂದರಂತೆ. ಅತ್ತಮ್ಮ ಕೊಡ ಇಳಿಸಿ, "ಆನೆನೋ ಒಂಟೆನೋ, ನಿನ್ ಕೊಟ್ಟಿಗೇಲಿ ಕಟ್ಟಾಕಲ್ಲ ಬುಡೇ" ಎಂದು ಅವಳ ಬಾಯಿ ಮುಚ್ಚಿಸಿದರು. ಇದನ್ನು ಅಕ್ಕನೇ ನನಗೆ ನಗುತ್ತಾ ಹೇಳಿದ್ದು. ನಗುವಾಗ ಅವಳ ಕೊರಳ ಮೂಳೆಗಳು ಎದ್ದು ಕಾಣುತ್ತಿದ್ದವು. ಹೊಟ್ಟೆ ದಪ್ಪವಾದಷ್ಟೂ ಅವಳು ಒಣಗುತ್ತಿದ್ದಳು.

ಕೊನೆಗೆ ಭಾವ ಹೆದರಿ, ಆಗ ಪಾವಗಡಕ್ಕೂ ಮಧುಗಿರಿಗೂ ನಡುವೆ ಇದ್ದ ಬ್ರಿಟಿಷ್ ಸೀಮೆಯ ತುಣುಕೊಂದನ್ನು ಹಾದುಬರುವ ಮೋಟಾರಿನಲ್ಲಿ ಅವಳನ್ನು ನಮ್ಮ ಮನೆಗೆ ಕರೆತಂದರು. ಜೊತೆಗೆ ಅತ್ತಮ್ಮನೂ ಬಂದರು. ಬಾಣಂತನದ ಗಂಟು ಕಟ್ಟಿಕೊಂಡೇ ಬಂದಿದ್ದರು: ಓಮ, ಒಣಶುಂಠಿ, ಸಾಂಬ್ರಾಣಿ, ಮೆತ್ತಗಾದ ಹಳೆಯ ಸೀರೆಗಳು.

ನಮ್ಮ ಬೀದಿಯ ತುದಿಯಲ್ಲಿ ಒಬ್ಬ ಲೇಡಿ ಡಾಕ್ಟರು ಬಾಡಿಗೆ ಮನೆಯಲ್ಲಿ ಸಣ್ಣ ಆಸ್ಪತ್ರೆ ನಡೆಸುತ್ತಿದ್ದರು. ಚಿಕ್ಕ ವಯಸ್ಸಿಗೇ ವಿಧವೆಯಾಗಿ, ಹಟಮಾಡಿ ಮದರಾಸಿನಲ್ಲಿ ಓದಿ ಬಂದವರು. ಎಲ್ಲರಿಗೂ ಅವರು ಡಾಕ್ಟರಮ್ಮ. ಅವರ ಬೋಳು ಹಣೆ ನೋಡಿ ಅತ್ತಮ್ಮ ಬಾಗಿಲಲ್ಲೇ ನಿಂತರು. "ಮೊದಲ್ನೇ ಬಸ್ರಿ, ಇಂಥೋಳ ಕೈಗಾ ಕೊಡೋದು?" ಎಂದು ನನ್ನ ಕಿವಿಯಲ್ಲಿ ಹೇಳಿದ್ದು ಒಳಗೂ ಕೇಳಿಸಿರಬೇಕು. ಡಾಕ್ಟರಮ್ಮ ಕೇಳಿಸಿಕೊಂಡಂತೆ ತೋರಿಸಿಕೊಳ್ಳಲಿಲ್ಲ. ಅಕ್ಕನ ಹೊಟ್ಟೆಯ ಮೇಲೆ ಬೆರಳಿಟ್ಟು ತಟ್ಟಿ ತಟ್ಟಿ ನೋಡಿದರು, ಕೊಳವೆ ಇಟ್ಟು ಆಲಿಸಿದರು. ಆಮೇಲೆ ಕೈ ತೊಳೆದುಕೊಂಡು ಅಕ್ಕನ ಪಕ್ಕದಲ್ಲಿ ಕೂತರು.

"ಇದು ಮಗು ಅಲ್ಲ ಗಿರಿಜಮ್ಮ."

ಅಕ್ಕ ನನ್ನ ಕಡೆ ನೋಡಿದಳು, ನಾನೇನೋ ತಿದ್ದಿ ಹೇಳುತ್ತೇನೆ ಎನ್ನುವಂತೆ.

"ಒದೆಯುತ್ತೆ" ಎಂದಳು. "ಮಗ್ಗುಲು ಬದಲಿಸಿದಾಗ ಅದೂ ಮಗ್ಗುಲು ಬದಲಿಸುತ್ತೆ, ಡಾಕ್ಟರಮ್ಮ."

"ಅದು ಗೆಡ್ಡೆ ತಾಯಿ. ಒಳಗೆಲ್ಲ ನೀರು. ನೀವು ಹೊರಳಿದಾಗ ತೊಟ್ಟಿನ ಮೇಲೆ ಅದೂ ಹೊರಳುತ್ತೆ."

ಭಾವ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತೇನೆಂದರು. ಅದೇ ಸರಿ ಎಂದು ಡಾಕ್ಟರಮ್ಮನೂ ಹೇಳಿದರು. ಆದರೆ ಮರುದಿನ ಮಧ್ಯಾಹ್ನ ಅಕ್ಕ ಇದ್ದಕ್ಕಿದ್ದಂತೆ ಕಿರುಚಿಕೊಂಡಳು. ಹೊಟ್ಟೆ ಹಿಡಿದು ನೆಲದ ಮೇಲೆ ಉರುಳಿದಳು, ವಾಂತಿ ಮಾಡಿದಳು, ಮೈ ತಣ್ಣಗಾಯಿತು. "ಹೆರಿಗೆ ಬ್ಯಾನೆ! ಬಂತು ಬಂತು!" ಎಂದು ಅತ್ತಮ್ಮ ಒಲೆಗೆ ಹಂಡೆ ಏರಿಸಿದರು. ಡಾಕ್ಟರಮ್ಮ ಬಂದವರೇ, ಗೆಡ್ಡೆ ತೊಟ್ಟಿನಲ್ಲಿ ತಿರುಚಿಕೊಂಡಿದೆ, ಇನ್ನು ಬೆಂಗಳೂರಿನ ಮಾತಿಲ್ಲ ಎಂದರು. ನಮ್ಮ ಪಡಸಾಲೆಯಲ್ಲಿ ನಿಂತು ಭಾವನಿಗೆ ಹೇಳಿದ ಮಾತು, ಅಶ್ವಿನಿಯ ಡಾಕ್ಟರ ಮಾತು ಕೇಳಿದ ಮೇಲೆ, ಮತ್ತೆ ಅಕ್ಷರಶಃ ನೆನಪಾಗುತ್ತಿದೆ, ಅಥವಾ ಹಾಗೆಂದು ನಾನು ಅಂದುಕೊಂಡಿದ್ದೇನೆ.

"ಕ್ಲೋರೋಫಾರಂ ಕೊಟ್ಟವರು ಏಳದೇ ಹೋಗಬಹುದು. ರಕ್ತ ಹೋಗಬಹುದು. ಗೆಡ್ಡೆಗೆ ಕರುಳು ಅಂಟಿಕೊಂಡಿದ್ದರೆ ಬಿಡಿಸುವಾಗ ಹರಿಯಬಹುದು. ಇದೆಲ್ಲ ದಾಟಿದರೂ ಆಮೇಲೆ ಒಳಗೆ ಕೀವಾಗಬಹುದು. ಸುಮ್ಮನೆ ಇದ್ದರೆ ಉಳಿಯುವುದಿಲ್ಲ. ನಾನು ಇಂಥದ್ದು ಮಾಡಿದ್ದೇನೆ, ಆದರೆ ದೊಡ್ಡ ಆಸ್ಪತ್ರೆಯಲ್ಲಿ, ಪಕ್ಕದಲ್ಲಿ ದೊಡ್ಡವರು ಇರುವಾಗ. ಇಲ್ಲಿ ನಾನೊಬ್ಬಳೇ."

"ಹೊಟ್ಟೆ ಕೊಯ್ದು ಕೂಸ್ನ ತೆಗೀತಾರಂತೆ ಕಣ್ಲಾ! ಸುಮ್ಕೆ ನಿಂತಿದ್ದೀಯಲ್ಲೋ!" ಎಂದು ಅತ್ತಮ್ಮ ಮಗನ ತೋಳು ಹಿಡಿದು ಅಲ್ಲಾಡಿಸಿದರು. ಭಾವ ಗೋಡೆಗೆ ಹಣೆ ಒತ್ತಿ ನಿಂತಿದ್ದರು. ನೆಲದ ಮೇಲಿಂದ ಅಕ್ಕನೇ ಹೇಳಿದಳು: "ತೆಗೀರಿ. ಏನಿದ್ರೂ ತೆಗೀರಿ."

ಆಸ್ಪತ್ರೆಯ ನಡುಮನೆಯಲ್ಲಿ ಮೇಜು ಹಾಕಿದರು. ಧೂಳು ಬರದಂತೆ ಕಿಟಕಿಗಳಿಗೆ ಒದ್ದೆ ದುಪ್ಪಟಿ ಇಳಿಬಿಟ್ಟರು. ಆಯಾ ಜೈನಬಿ ಶಿರಾದವಳು, ಎತ್ತರದ ಹೆಂಗಸು. ಕುದಿಸಿದ ಬಟ್ಟೆಗಳನ್ನು ಚಿಮಟದಲ್ಲಿ ಎತ್ತಿ ಎತ್ತಿ ಇಡುತ್ತಿದ್ದಳು. ಅಕ್ಕ ಕೊರಳಿನ ಲಿಂಗ ತೆಗೆಯಲು ಒಪ್ಪಲಿಲ್ಲ. ಡಾಕ್ಟರಮ್ಮ ವಾದ ಮಾಡದೆ ಅದನ್ನು ಅವಳ ಎಡ ಮುಂಗೈಗೆ ಕಟ್ಟಿಸಿದರು. ಬಾಗಿಲು ಮುಚ್ಚಿತು.

ನಾನೂ ಅತ್ತಮ್ಮನೂ ಹಿತ್ತಲ ಜಗಲಿಯಲ್ಲಿ ಕೂತೆವು. ಎಷ್ಟು ಹೊತ್ತೋ. ದಾಳಿಂಬೆ ಗಿಡದ ನೆರಳು ನಮ್ಮ ಕಾಲಿನಿಂದ ಗೋಡೆಗೆ ಹತ್ತಿತ್ತು. ಆಗ ಜೈನಬಿ ಒಂದು ದೊಡ್ಡ ಬೋಗುಣಿಯನ್ನು ಎರಡೂ ಕೈಯಲ್ಲಿ ಹೊತ್ತು, ಭಾರಕ್ಕೆ ಹಿಂದಕ್ಕೆ ಬಾಗಿ, ನಮ್ಮ ಮುಂದೆಯೇ ಹಾದುಹೋದಳು. ಬೋಗುಣಿಯ ಮೇಲೆ ಬಿಳಿ ಬಟ್ಟೆ ಮುಚ್ಚಿತ್ತು. ಮನೆಯವರು ನೋಡಿದರೆ ಸಂಕಟಪಡುತ್ತಾರೆಂದು ಡಾಕ್ಟರಮ್ಮನೇ ಮುಚ್ಚಿಸಿದ್ದರು. ಯಾರ ಹತ್ತಿರವೂ ಮಾತಾಡಬೇಡ ಎಂದೂ ಹೇಳಿದ್ದರು.

ಅತ್ತಮ್ಮ ಎದ್ದು ನಿಂತರು. "ಜೈನಬಿ, ಗಂಡಾ ಹೆಣ್ಣಾ?"

ಜೈನಬಿ ತಲೆ ತಗ್ಗಿಸಿ ನಡೆದಳು.

"ಏಯ್, ನಿನ್ನೇ ಕೇಳಿದ್ದು. ಗಂಡಾ ಹೆಣ್ಣಾ?"

ಉತ್ತರ ಬರಲಿಲ್ಲ. ಅತ್ತಮ್ಮ ನಿಧಾನವಾಗಿ ಕೂತರು. ಅವರ ಕಡೆ ಒಂದು ಪದ್ಧತಿಯಿದೆ. ಕೂಸು ಸತ್ತು ಹುಟ್ಟಿದರೆ ಗಂಡೋ ಹೆಣ್ಣೋ ಎಂದು ಯಾರೂ ಬಾಯಿಬಿಡುವುದಿಲ್ಲ. ಹೇಳಿದರೆ ಅದಕ್ಕೆ ಹೆಸರಿನ ಆಸೆ ಹುಟ್ಟಿ ಮನೆ ಸುತ್ತ ಸುಳಿಯುತ್ತದೆಂದು. ಕೇಳಿದವರಿಗೆ ಮೌನವೇ ಉತ್ತರ. ಜೈನಬಿಗೆ ಆ ಪದ್ಧತಿ ಗೊತ್ತಿರಲಿಲ್ಲ, ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ, ಆಗ ನನಗೂ ಗೊತ್ತಿರಲಿಲ್ಲ. ಅತ್ತಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಸದ್ದಿಲ್ಲದೆ ಅತ್ತರು. ಅಕ್ಕನಿಗಾಗಿ ಹೆದರಿ ಅಳುತ್ತಿದ್ದಾರೆ ಎಂದುಕೊಂಡೆ.

ಅಕ್ಕ ಕಣ್ಣು ಬಿಟ್ಟಳು. ಡಾಕ್ಟರಮ್ಮನ ರವಿಕೆ ಬೆನ್ನಿಗೆ ಅಂಟಿಹೋಗಿತ್ತು. ಕರುಳು ಗೆಡ್ಡೆಗೆ ಅಂಟಿಕೊಂಡಿತ್ತಂತೆ; ಬಿಡಿಸುವಾಗ ಒಂದು ಕಡೆ ಹರಿದು, ಅಲ್ಲಿ ಹೊಲಿಗೆ ಹಾಕಿದ್ದರು. "ಆ ಹೊಲಿಗೆ ಹಿಡಿಯಬೇಕು. ನಾನು ಹೇಳುವ ತನಕ ಬಾಯಿಗೆ ಒದ್ದೆ ಬಟ್ಟೆ ಮುಟ್ಟಿಸುವುದು ಬಿಟ್ಟರೆ ಇನ್ನೇನೂ ಕೊಡಬಾರದು. ಆಮೇಲೂ ಗಂಜಿ ನೀರೇ. ದಿಂಬಿಟ್ಟು ಒರಗಿಸಿಯೇ ಇರಬೇಕು. ಹೊಟ್ಟೆ ಉಬ್ಬುತ್ತದೆಯೋ ಇಲ್ಲವೋ ನಾನು ದಿನಾ ನೋಡಬೇಕು" ಎಂದರು. ತೊಡೆಯ ಚರ್ಮದಡಿ ಸೂಜಿ ಚುಚ್ಚಿ ಉಪ್ಪುನೀರು ಇಳಿಸಿದರು. ಪೆನಿಸಿಲಿನ್ ಎಂಬ ಹೆಸರನ್ನೇ ನಾವು ಕೇಳಿರದ ಕಾಲ.

ಕೆಲವು ದಿನ ಚೆನ್ನಾಗಿಯೇ ಕಳೆದವು. ನಾಡಿ ಸರಿಯಿತ್ತು, ಗಂಜಿ ನೀರು ಒಳಗೆ ನಿಂತಿತು. ಅಕ್ಕ ಬೆಟ್ಟ ನೋಡುತ್ತಾ ಒರಗಿರುತ್ತಿದ್ದಳು. ಚಪ್ಪಟೆಯಾದ ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳಲು ಹೋಗಿ, ಅಲ್ಲಿ ಏನೂ ಇಲ್ಲವೆಂದು ನೆನಪಾಗಿ, ಕೈಯನ್ನು ಪಕ್ಕಕ್ಕೆ ಇಟ್ಟುಕೊಳ್ಳುತ್ತಿದ್ದಳು. ಅತ್ತಮ್ಮ ಮಾತ್ರ ಚಡಪಡಿಸುತ್ತಿದ್ದರು.

"ಎಂಥ ಬಾಣಂತನ ಇದು? ಹೊಟ್ಟೆ ಕಟ್ಟಿಲ್ಲ, ಹೊಗೆ ಹಾಕಿಲ್ಲ, ಹಸಿಮೈಗೆ ಗಾಳಿ ಬಿಡ್ತಾವ್ರೆ!"

"ಬಾಣಂತಿ ಅಲ್ಲ ಅತ್ತಮ್ಮ" ಎಂದೆ. "ಮಗು ಇರಲೇ ಇಲ್ಲ. ಗೆಡ್ಡೆ."

ಅವರು ನನ್ನನ್ನು ಕರುಣೆಯಿಂದ ನೋಡಿದರು. "ನೀನು ಓದಿದೋಳು ಕಣಮ್ಮ, ಅವರು ಹೇಳ್ಕೊಟ್ಟಂಗೆ ಹೇಳ್ತೀಯ. ನಾನು ಕಣ್ಣಾರೆ ನೋಡಿಲ್ವಾ, ಮುಚ್ಕೊಂಡು ಒಯ್ದಿದ್ದು?"

ಹಂಡೆ ತುಂಬ ಬಟ್ಟೆ ಕುದಿಸುತ್ತಿದ್ದ ಜೈನಬಿ ಅಲ್ಲಿಂದಲೇ ಕೂಗಿದಳು: "ಅರೇ ಅಮ್ಮಾ, ಹೊಟ್ಟೆ ಮುಟ್ಟೋದು ನಕ್ಕೋ! ಡಾಕ್ಟರಮ್ಮ ನನ್ ಚಮಡಾ ಸುಲೀತಾರೆ!"

"ನಿನ್ ಚಮಡಾ ಯಾವೋಳಿಗೆ ಬೇಕಾಗೈತೆ, ಓಗೇ" ಎಂದರು ಅತ್ತಮ್ಮ.

ಡಾಕ್ಟರಮ್ಮನಿಗೆ ಕೊರಟಗೆರೆಯಿಂದ ಕರೆ ಬಂತು. ಕಷ್ಟದ ಹೆರಿಗೆ, ಕೂಸು ಅಡ್ಡಬಿದ್ದಿದೆ ಎಂದು. ಅಕ್ಕನನ್ನು ನೋಡಿ, ಹೊಟ್ಟೆ ಮೆತ್ತಗಿದೆಯೆಂದು ಸಮಾಧಾನಪಟ್ಟು, ಗಾಡಿ ಹತ್ತಿದರು. ನನಗೆ ಶಾಲೆಯಲ್ಲಿ ಪರೀಕ್ಷೆಯ ಕಾವಲು. ಭಾವ ಪಾವಗಡಕ್ಕೆ ಹೋಗಿದ್ದರು. ಆ ದಿನ ಶುಕ್ರವಾರ. ಜೈನಬಿ ನಮಾಜಿಗೆಂದು ಪಕ್ಕದ ಕೋಣೆಗೆ ಹೋದಷ್ಟೇ ಹೊತ್ತು.

ನಾನು ಬಿಸಿಲಲ್ಲಿ ನಡೆದು ಬರುವಾಗ ಆಸ್ಪತ್ರೆಯ ಗೇಟಿನಲ್ಲೇ ವಾಸನೆ ಬಂತು. ಸಾಂಬ್ರಾಣಿ. ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ. ಒಳಗೆ ಓಡಿದೆ. ಕೋಣೆ ತುಂಬ ಹೊಗೆ. ಜೈನಬಿ ಬಾಗಿಲಲ್ಲಿ ನಿಂತು ಎದೆ ಬಡಿದುಕೊಂಡು, "ಸತ್ಯಾನಾಶ್ ಮಾಡ್ಬಿಟ್ರಲ್ಲ ಅಮ್ಮಾ!" ಎಂದು ಕೂಗುತ್ತಿದ್ದಳು. ಅಕ್ಕನ ಹೊಟ್ಟೆಗೆ ಹಳೆಯ ಸೀರೆಯನ್ನು ಸುತ್ತು ಮೇಲೆ ಸುತ್ತು ಬಿಗಿದಿತ್ತು, ತಲೆಗೆ, ಕಿವಿ ಮುಚ್ಚುವಂತೆ, ಬಟ್ಟೆ ಕಟ್ಟಿತ್ತು. ಪಕ್ಕದ ತಟ್ಟೆಯಲ್ಲಿ ಮೆಣಸು, ಬೆಳ್ಳುಳ್ಳಿ, ತುಪ್ಪ ಕಲಸಿದ ಅನ್ನ. ಮುಕ್ಕಾಲು ತಿಂದಾಗಿತ್ತು.

ನಾನು ಸೀರೆಯ ಗಂಟು ಹುಡುಕತೊಡಗಿದೆ. ಅಕ್ಕ ನನ್ನ ಕೈ ಹಿಡಿದಳು.

"ಒಂದು ಗಳಿಗೆ ಇರಲಿ ಬಿಡೇ."

"ಅಕ್ಕಾ, ನಿನಗೆ ಗೊತ್ತಿಲ್ವಾ? ಡಾಕ್ಟರಮ್ಮ ಹೇಳಿದ್ದು ಕೇಳಿಸಿಕೊಂಡಿರಲಿಲ್ವಾ?"

"ಗೊತ್ತು. ಮಗು ಅಲ್ಲ ಅಂತಲೂ ಗೊತ್ತು." ಅವಳು ಅತ್ತಮ್ಮನ ಕಡೆ ನೋಡಿದಳು, ಅವರು ಕೆಂಡಕ್ಕೆ ಸಾಂಬ್ರಾಣಿ ಉದುರಿಸುತ್ತಿದ್ದರು. "ಊರಿಗೆಲ್ಲ ಕಟ್ಟಿದ ಕೈ ಕಣೇ ಅದು. ನನಗೂ ಒಂದು ಸಲ ಕಟ್ಟಿಸ್ಕೋಬೇಕು ಅನ್ನಿಸ್ತು."

ನಾನು ಬಿಚ್ಚಿದೆ. ಅತ್ತಮ್ಮ ಅಡ್ಡಬರಲಿಲ್ಲ, ಅವರ ಕೆಲಸ ಮುಗಿದಿತ್ತು. ಅಕ್ಕನ ಮುಖದಲ್ಲಿ ಆ ಹೊತ್ತು ಇದ್ದ ನೆಮ್ಮದಿಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಇದು ನಿಜವೋ, ಅಥವಾ ಆಮೇಲೆ ನಾನೇ ಅವಳ ಮುಖಕ್ಕೆ ಹಚ್ಚಿದ್ದೋ, ಹೇಳಲಾರೆ.

ಮರುದಿನ ಬೆಳಿಗ್ಗೆ ಜ್ವರ ಬಂತು. ಮಧ್ಯಾಹ್ನಕ್ಕೆ ಬಿಕ್ಕಳಿಕೆ ಶುರುವಾಯಿತು. "ಊರಾಗೆ ನನ್ ಮಗನೋ ಯಾರೋ ನೆನೆಸ್ಕೊತಾವ್ರೆ" ಎಂದು ಅತ್ತಮ್ಮ ಬೆನ್ನು ಸವರಿದರು. ಬಿಕ್ಕಳಿಕೆ ನಿಲ್ಲಲಿಲ್ಲ. ಹಸಿರು ವಾಂತಿಯಾಯಿತು. ಹೊಟ್ಟೆ ಹಲಗೆಯಂತೆ ಗಟ್ಟಿಯಾಯಿತು. ಡಾಕ್ಟರಮ್ಮ ಕೊರಟಗೆರೆಯಲ್ಲಿ ತಾಯಿಯನ್ನೂ ಕೂಸನ್ನೂ ಉಳಿಸಿ, ಕಣ್ಣು ಕೆಂಪಾಗಿಸಿಕೊಂಡು ಬಂದು ಇಳಿದರು. ಅಕ್ಕನ ಮೂಗು ಚೂಪಾದದ್ದನ್ನು ಬಾಗಿಲಿಂದಲೇ ನೋಡಿ ಅವರ ನಡಿಗೆ ನಿಧಾನವಾಯಿತು.

ಹೊಲಿಗೆಯ ಕೆಳತುದಿ ಬಿಡಿಸಿ ರಬ್ಬರ್ ಕೊಳವೆ ಇಟ್ಟರು; ವಾಸನೆಯ ಕೀವು ಬಂತು. ಕೀವಿಗೆಂದು ಆಗಷ್ಟೇ ಬಂದಿದ್ದ, ಬೆಂಗಳೂರಿನಿಂದ ತರಿಸಿಟ್ಟುಕೊಂಡಿದ್ದ ಹೊಸ ಕೆಂಪು ಔಷಧಿ ಕೊಟ್ಟರು. ಸುದ್ದಿ ತಿಳಿದು ಪಾವಗಡದಿಂದ ಓಡಿಬಂದ ಭಾವ, ಮತ್ತೆ ಹೊಟ್ಟೆ ತೆರೆಯಿರಿ ಎಂದು ಅವರ ಕಾಲು ಹಿಡಿದರು. "ಮೇಜಿನ ಮೇಲೇ ಹೋಗುತ್ತಾಳೆ" ಎಂದರು ಡಾಕ್ಟರಮ್ಮ. ನಾವು ಕಾದೆವು. ಏನಕ್ಕೆ ಕಾಯುತ್ತಿದ್ದೇವೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬಂಡೆ ಕಾಯುತ್ತಿತ್ತು, ಅಕ್ಕ ಸುಡುತ್ತಿದ್ದಳು, ಬಿಕ್ಕಳಿಕೆಯೊಂದೇ ಗಡಿಯಾರದಂತೆ ನಡೆಯುತ್ತಿತ್ತು. ಒಂದು ಮುಂಜಾನೆ ಅದು ನಿಂತಿತು. ಅತ್ತಮ್ಮ ಒಂದು ಕ್ಷಣ, ಗುಣವಾಯಿತೆಂದೇ ತಿಳಿದು, ಕೈಮುಗಿದರು.

ಜೈನಬಿ ಅತ್ತಮ್ಮನಿಗೆ ಮುಖ ಕೊಡಲಿಲ್ಲ. ಭಾವ ತಾಯಿಗೆ, "ನೀನೇ ಕೊಂದೆ" ಎಂದರು. ಆಗ ಡಾಕ್ಟರಮ್ಮ ಹೇಳಿದರು: "ಕರುಳಿನ ಹೊಲಿಗೆ ಅದಕ್ಕೂ ಮುಂಚೆಯೇ ಬಿಡುತ್ತಿದ್ದಿರಬಹುದು. ಹೊರಗಿನಿಂದ ಕಾಣೋದಿಲ್ಲ. ಬಟ್ಟೆ ಬಿಗಿದದ್ದರಿಂದಲೇ ಆಯಿತು ಅಂತ ನಾನು ಹೇಳಲಾರೆ." ಹೀಗೆ ಹೇಳಿದರೆಂದು ಐವತ್ತು ವರ್ಷಕ್ಕೂ ಮೇಲೆ ನಂಬಿಕೊಂಡು ಬಂದಿದ್ದೇನೆ. ಆದರೆ ಅವರು ಅದನ್ನು ತಿಳಿದು ಹೇಳಿದರೋ, ಅತ್ತಮ್ಮನಿಗಾಗಿ ಹೇಳಿದರೋ? ಅಥವಾ ಯಾರೂ ಹೇಳಲೇ ಇಲ್ಲವೋ, ಆ ಮುದುಕಿಯನ್ನು ದ್ವೇಷಿಸದೆ ಇರಲು ನನಗೇ ಆ ಮಾತು ಬೇಕಾಗಿತ್ತೋ? ಈಗ ಸಾಕ್ಷಿ ಹೇಳುವವರು ಯಾರೂ ಉಳಿದಿಲ್ಲ.

ಅತ್ತಮ್ಮ ನೆಟ್ಟಗೆ ಡಾಕ್ಟರಮ್ಮನ ಮುಂದೆ ಹೋಗಿ ನಿಂತರು.

"ಅವಳ ಕೂಸ್ನ ಎಲ್ಲಿಟ್ಟಿದ್ದೀಯವ್ವ? ಕೊಟ್ಬುಡು. ತಾಯಿ ಒಬ್ಬಳೇ ಓಗ್ಬಾರ್ದು."

ಭಾವ ಏನೋ ಹೇಳಲು ಬಾಯಿ ತೆರೆದರು. ನಾನೂ ತೆರೆದೆ. ಡಾಕ್ಟರಮ್ಮ ಕೈಯೆತ್ತಿ ನಮ್ಮಿಬ್ಬರನ್ನೂ ತಡೆದರು. ಅತ್ತಮ್ಮನನ್ನು ಬಹಳ ಹೊತ್ತು ನೋಡಿದರು. ಆಗ ಅವರಿಗೆ ಆ ಬೋಗುಣಿ ನೆನಪಾಯಿತೆಂದು ನನಗೆ ಅನಿಸುತ್ತದೆ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ, ಮೊಳದುದ್ದದ ಒಂದು ಗಂಟನ್ನು ಎರಡೂ ಕೈಯಲ್ಲಿ ತಂದು ಅತ್ತಮ್ಮನ ತೋಳಿಗಿಟ್ಟರು. ಗೆಡ್ಡೆಯನ್ನು ಮೊದಲ ದಿನವೇ ಹಿತ್ತಲಲ್ಲಿ ಹೂತಿದ್ದೇವೆಂದು ಜೈನಬಿ ನನಗೆ ಹೇಳಿದ್ದಳು. ಗಂಟಿನಲ್ಲಿ ಏನಿತ್ತೆಂದು ನಾನು ಕೇಳಲಿಲ್ಲ.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಊರಾಚೆಯ ರುದ್ರಭೂಮಿಯಲ್ಲಿ, ಗುಂಡಿಯೊಳಗೆ, ಅಕ್ಕನನ್ನು ಪದ್ಮಾಸನ ಹಾಕಿಸಿ ಕೂರಿಸಿದರು. ಅಯ್ಯನವರು ಅವಳ ಎಡ ಅಂಗೈಯಲ್ಲಿ ಲಿಂಗ ಇಟ್ಟು ಮಂತ್ರ ಹೇಳಿದರು. ಹೆಂಗಸರು ದೂರ ನಿಂತಿದ್ದರು. ಅತ್ತಮ್ಮ ಮಾತ್ರ ಯಾರ ಮಾತೂ ಕೇಳದೆ ಗುಂಡಿಯ ಅಂಚಿಗೆ ಬಂದು, ಮೊಣಕಾಲೂರಿ, ಗಂಟನ್ನು ಕೆಳಗೆ ನಿಂತವರ ಕೈಗೆ ಇಳಿಸಿದರು. ಅವರು ಅದನ್ನು ಅಕ್ಕನ ಮಡಿಲಲ್ಲಿ ಇಟ್ಟರು.

ಮಣ್ಣು ಎತ್ತಿದವರಿಗೆ, "ಒಸಿ ತಡೀರಪ್ಪ" ಎಂದರು ಅತ್ತಮ್ಮ. ನೆತ್ತಿಯ ಮೇಲೆ ಸೂರ್ಯ. ಅವರು ಅಂಚಿನಲ್ಲಿ ಬೋರಲು ಮಲಗಿ, ತೋಳನ್ನು ಎಟುಕುವಷ್ಟೂ ಕೆಳಗೆ ಚಾಚಿ, ಅಕ್ಕನ ಸೆರಗನ್ನು ಎಳೆದು ಆ ಗಂಟಿನ ಮೇಲೆ ಮುಚ್ಚಿದರು, ಬಿಸಿಲು ತಾಗದ ಹಾಗೆ.